ರೊಟ್ಟಿ ಕಾಯುವುದಿಲ್ಲ, ಕೌದಿ ಕಾಯುತ್ತದೆ

ಹಳೆಯ ಬಟ್ಟೆಯ ಪದರು ಸೇರಿಸಿ ಹೊಲಿಯುವ ಹೊದಿಕೆ ಕೌದಿ. ಅದರ ಕೊನೆಯ ಅಂಚು ಮುಚ್ಚುವ ಮುನ್ನ ಅದರ ಪದರಿನೊಳಗೆ ಚೂರು ರೊಟ್ಟಿಯನ್ನೋ ನಾಲ್ಕು ಕಾಳು ಜೋಳವನ್ನೋ ಇಟ್ಟು ಹೊಲಿಯುವ ರೂಢಿ ಉತ್ತರ ಕರ್ನಾಟಕದ ಕೆಲವು ಮನೆಗಳಲ್ಲಿದೆ. ಹೊದ್ದವರ ಹೊಟ್ಟೆ ತಣ್ಣಗಿರಬೇಕಾದರೆ ಕೌದಿಯ ಹೊಟ್ಟೆಯೂ ಬರಿದಾಗಿರಬಾರದು ಎಂಬ ನಂಬಿಕೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯಲ್ಲಿ ಅದೇ ಜಾಗಕ್ಕೆ ಅಕ್ಕಿಕಾಳು ಬೀಳುತ್ತದೆ. ಅಲ್ಲಿ ಗದ್ದೆಯದು, ಇಲ್ಲಿ ಎರಿಹೊಲದ್ದು, ಅಷ್ಟೇ ವ್ಯತ್ಯಾಸ.

ಒಲೆಗೂ ಸೂಜಿಗೂ ಇರುವ ನಂಟು ಅಲ್ಲಿಗೇ ಮುಗಿಯುವುದಿಲ್ಲ. ಮೇಳಗಳಲ್ಲಿ, ಬೆಂಗಳೂರಿನ ಅಂಗಡಿಗಳಲ್ಲಿ ಬೆಳಕು ಬಿಟ್ಟು ತೂಗುಹಾಕಿದ ಕೌದಿ ನೋಡಿದವರಿಗೆ ಅದು ಬಿಡುವಿದ್ದವರ ಕಲೆ ಅನ್ನಿಸಬಹುದು. ವಿಜಯಪುರ ಸೀಮೆಯ ಮನೆಗಳಲ್ಲಿ ಅದು ಬಿಡುವೇ ಇಲ್ಲದವರು ಮಾಡಿದ ಕೆಲಸ. ಅಡುಗೆಯ ನಡುವೆ ಸಿಕ್ಕ ತುಂಡು ತುಂಡು ಹೊತ್ತಿನಲ್ಲಿ ಹುಟ್ಟಿದ್ದರಿಂದಲೇ ಕೌದಿಗೆ ಈ ರೂಪ ಬಂದಿದೆ ಎಂಬುದು ನನ್ನ ವಾದ.

ಮೊದಲು ರೊಟ್ಟಿಯ ಮಾತು. ವಿಜಯಪುರದಿಂದ ಅಥಣಿ ರಸ್ತೆ ಹಿಡಿದು ತೊರವಿ ದಾಟಿದರೆ ತಿಕೋಟಾ. ಕೃಷ್ಣೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಬಬಲೇಶ್ವರ. ಎರಡೂ ತಾಲ್ಲೂಕು ಆಗಿ ಇನ್ನೂ ಬಹಳ ವರ್ಷವಾಗಿಲ್ಲ, ಆದರೆ ಅಲ್ಲಿನ ಎರಿಭೂಮಿಗೆ ಬಿಳಿಜೋಳದ ಹೆಸರು ಹಳೆಯದು. ಇಲ್ಲಿನ ಡೋಣಿ ಹೊಳೆಯನ್ನು ನೆನೆದು, ಡೋಣಿ ಹರಿದರೆ ಓಣಿಯೆಲ್ಲಾ ಜೋಳ ಎಂದು ಜಿಲ್ಲೆಯ ಜನ ಇವತ್ತಿಗೂ ಹೇಳುತ್ತಾರೆ. ಈ ಜೋಳದ ಹಿಟ್ಟಿಗೆ ಗೋಧಿಹಿಟ್ಟಿನ ಹಾಗೆ ಎಳೆದರೆ ಹಿಗ್ಗುವ ಅಂಟು ಇಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಜಿಗಿ ಬಿಡುತ್ತದೆ. ರೊಟ್ಟಿಯನ್ನು ಹಿಡಿದಿಡುವುದು ಆ ಜಿಗಿಯೇ. ಕೊಣಮಿಗೆಯಲ್ಲಿ ನಾದಿದ ಹಿಟ್ಟು ಆರಲು ಬಿಟ್ಟರೆ ಬಡಿಯುವಾಗ ಅಂಚು ಸೀಳುತ್ತದೆ. ಬಡಿದದ್ದನ್ನು ಹಂಚಿಗೆ ಹಾಕಿದ ಕೂಡಲೆ ಒದ್ದೆ ಅರಿವೆಯಿಂದ ಬೆನ್ನಿಗೆ ನೀರು ಸವರಬೇಕು, ಆ ನೀರು ಆರುವುದಕ್ಕೂ ತಿರುವಿ ಹಾಕುವುದಕ್ಕೂ ಸರಿಹೋಗಬೇಕು. ಒಂದು ಹಂಚಿನ ಮೇಲೆ ಬೇಯುತ್ತಿರುವಾಗ ಇನ್ನೊಂದು ಕೈಕೆಳಗೆ ಸುತ್ತುತ್ತಿರಬೇಕು. ತುಂಬಿದ ಮನೆಯಲ್ಲಿ ಈ ಸುತ್ತು ಶುರುವಾದರೆ ತಾಸುಗಟ್ಟಲೆ ನಡುವೆ ಏಳುವಂತಿಲ್ಲ. ಮಗು ಅತ್ತರೆ ಬೇರೆ ಯಾರಾದರೂ ಎತ್ತಿಕೊಳ್ಳಬೇಕು.

ರೊಟ್ಟಿ ಕಾಯುವುದಿಲ್ಲ. ಕೌದಿ ಕಾಯುತ್ತದೆ.

ಕೌದಿ ಹೊಲಿಯುವವರನ್ನು ಹತ್ತಿರದಿಂದ ನೋಡಬೇಕು. ಪಡಸಾಲೆಯ ನೆಲದ ಮೇಲೆ ಬಟ್ಟೆ ಹರವಿರುತ್ತದೆ. ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ಚಾಚಿದ ಕಾಲಿನ ಹೆಬ್ಬೆರಳಿನಿಂದ ಅಂಚನ್ನು ಒತ್ತಿ ಹಿಡಿದಿರುತ್ತಾರೆ. ಎಡಗೈ ಬಟ್ಟೆಯ ಕೆಳಗೆ. ಬಲಗೈಯ ಉದ್ದ ಸೂಜಿ ಒಂದೇ ಉಸುರಿಗೆ ಐದಾರು ಸಲ ಮುಳುಗಿ ಎದ್ದು, ಅಷ್ಟೂ ಹೊಲಿಗೆಗಳನ್ನು ಮೈಮೇಲೆ ಹೊತ್ತು ನಿಲ್ಲುತ್ತದೆ. ಆಮೇಲೆ ಸರ್ರನೆ ದಾರ ಎಳೆದು, ಹೆಬ್ಬೆರಳಿನ ಉಗುರಿನಿಂದ ಸಾಲನ್ನು ಒಮ್ಮೆ ತೀಡುತ್ತಾರೆ. ಅಷ್ಟರಲ್ಲಿ ಕುಕ್ಕರು ಕೂಗುತ್ತದೆ, ಅಥವಾ ಹಾಲು ಉಕ್ಕುವ ವಾಸನೆ ಬರುತ್ತದೆ. ಸೂಜಿಯನ್ನು ಇದ್ದಲ್ಲೇ ಚುಚ್ಚಿ ಎದ್ದು ಹೋಗುತ್ತಾರೆ. ಮತ್ತೆ ಬಂದು ಕೂತಾಗ ಎಲ್ಲಿ ನಿಲ್ಲಿಸಿದ್ದೆ ಎಂದು ಹುಡುಕಬೇಕಿಲ್ಲ, ಸೂಜಿಯೇ ಹೇಳುತ್ತದೆ. ಅದೇ ದಿನ ಬರಬೇಕೆಂದೂ ಇಲ್ಲ. ಸುರುಳಿ ಸುತ್ತಿ ಮೂಲೆಗಿಟ್ಟು, ಶೇಂಗಾ ಹರಿಯುವ ಕೆಲಸ ಮುಗಿಸಿ ಹದಿನೈದು ದಿನ ಬಿಟ್ಟು ಬಿಚ್ಚಿದರೂ ಕೌದಿ ಮುನಿಸಿಕೊಳ್ಳುವುದಿಲ್ಲ.

ಇದಕ್ಕೆ ಚೌಕಟ್ಟು ಬೇಡ. ಅಮೆರಿಕದ ಹಳೆಯ ಕ್ವಿಲ್ಟುಗಳಿಗೆ ಮರದ ಚೌಕಟ್ಟು ಕಟ್ಟಿ ಸುತ್ತ ಕೂತು ಹೊಲಿಯುತ್ತಿದ್ದರು; ಚೌಕಟ್ಟು ನಿಂತರೆ ಒಂದು ಕೋಣೆಯೇ ಅದಕ್ಕೆ ಮೀಸಲು. ನಮ್ಮಲ್ಲಿ ನೆಲವೇ ಚೌಕಟ್ಟು, ರಾತ್ರಿ ಅದೇ ನೆಲದ ಮೇಲೆ ಮನೆಮಂದಿ ಮಲಗಬೇಕು. ಮೊದಲೇ ಬರೆದಿಟ್ಟ ನಕ್ಷೆಯೂ ಇಲ್ಲ. ಹೊಲಿಗೆಯ ಬಗೆಯೂ ಒಂದೇ, ನೇರ ಓಡುವ ಸಾಲು ಹೊಲಿಗೆ. ಕಸೂತಿಯ ಗವಂತಿ, ಮುರಗಿ, ನೇಯ್ಗಿ, ಮೆಂತಿಗಳಲ್ಲಿ ಎಳೆ ಎಣಿಸಿ ಸೂಜಿ ಹಾಕಬೇಕು, ಒಂದು ಎಳೆ ತಪ್ಪಿದರೆ ಗೋಪುರ ಸೊಟ್ಟಗಾಗುತ್ತದೆ, ಲೆಕ್ಕದ ನಡುವೆ ಎದ್ದರೆ ಮತ್ತೆ ಮೊದಲಿನಿಂದ ಎಣಿಕೆ. ಕೌದಿಗೆ ಅಂಥ ಲೆಕ್ಕ ಬೇಡ. ಹತ್ತು ಸಲ ಎದ್ದು ಹತ್ತು ಸಲ ಕೂರುವವರು ಕಂಡುಕೊಂಡ ಹೊಲಿಗೆ ಇದು. ಯಾರು ಬೇಕಾದರೂ ಕೈಹಾಕಬಹುದು ಎಂಬ ಇನ್ನೊಂದು ಲಾಭವೂ ಇದೆ. ಹಳೆಯ ಕೌದಿಯನ್ನು ಬೆಳಕಿಗೆ ಹಿಡಿದರೆ ಒಂದು ಕಡೆ ಒತ್ತೊತ್ತಾದ ಸಣ್ಣ ಹೊಲಿಗೆ, ಇನ್ನೊಂದು ಕಡೆ ಕಣ್ಣು ಮಂಜಾದವರ ದೊಡ್ಡ ದೊಡ್ಡ ಹೊಲಿಗೆ ಕಾಣುತ್ತದೆ. ಹರಟೆಗೆ ಬಂದ ನೆರೆಯವಳೂ ಎರಡು ಸಾಲು ಹಾಕಿ ಹೋಗಿರುತ್ತಾಳೆ.

ಗಾದಿ ಬೇರೆ, ಕೌದಿ ಬೇರೆ. ಗಾದಿಗೆ ಅರಳೆ ಬೇಕು. ಅದನ್ನು ಬಿಲ್ಲಿನಿಂದ ಹೊಡೆದು ಹಿಂಜಿ ತುಂಬಲು ಪಿಂಜಾರರು, ನದಾಫರು ಬರಬೇಕು. ಕೌದಿಯ ಒಳಗೆ ಬಟ್ಟೆಯೇ ಬಟ್ಟೆ. ಕೆಳಗೊಂದು ಹಳೆಯ ದೋತರ ಅಥವಾ ಪತ್ತಲ, ಅದರ ಮೇಲೆ ಸವೆದ ಬಟ್ಟೆಯ ನಾಲ್ಕೈದು ಪದರು, ಮೇಲೆ ಕಾಣುವ ಕಡೆ ಬಣ್ಣಬಣ್ಣದ ತ್ಯಾಪಿ, ಅಂದರೆ ತೇಪೆ. ಇಳಕಲ್ಲ ಸೀರೆ ಉಟ್ಟು ಸವೆದರೂ ಸೆರಗಿನ ಕೆಂಪು ಮಾತ್ರ ಗಟ್ಟಿಯಿರುತ್ತದೆ. ಅದು ನಡುವಿನ ಚೌಕಕ್ಕೆ, ಅಂಚು ಸುತ್ತಲಿನ ಪಟ್ಟಿಗೆ, ಗುಳೇದಗುಡ್ಡದ ಖಣದ ಚೂರು ಮೂಲೆಗೆ. ಇಳಕಲ್ಲೂ ಗುಳೇದಗುಡ್ಡವೂ 1997ರಲ್ಲಿ ಬಾಗಲಕೋಟೆ ಜಿಲ್ಲೆಯ ಪಾಲಾದವು. ಕೌದಿಗಳ ಮಟ್ಟಿಗೆ ಅವಿಭಜಿತ ವಿಜಾಪುರ ಜಿಲ್ಲೆ ಇನ್ನೂ ಹಾಗೇ ಇದೆ.

ಬಟ್ಟೆ ಕೌದಿಗೆ ಬರುವ ಮೊದಲು ಅಡುಗೆಮನೆಯ ಚಾಕರಿ ಮಾಡಿಯೇ ಬರುತ್ತದೆ. ಮಾಲದಂಡಿ ಜೋಳದ ರಾಶಿ ಮುಗಿದು ಬಿಸಿಲು ಏರಿತೆಂದರೆ ಹಪ್ಪಳ, ಸಂಡಿಗೆ, ಶ್ಯಾವಿಗೆಯ ಹಂಗಾಮು. ಮಾಳಿಗೆಯ ಮೇಲೆ ಸಂಡಿಗೆ ಇಡುವುದು ಹಳೆಯ ದೋತರದ ಮೇಲೆ. ರೊಟ್ಟಿಯ ಬುಟ್ಟಿಗೆ ಹಾಸುವುದು, ಸೊಪ್ಪು ಸೋಸಿ ಹರವುವುದು, ನೀರಿನ ಕೊಡದ ಕೆಳಗೆ ಸಿಂಬೆಯಾಗಿ ಸುತ್ತುವುದು, ಎಲ್ಲವೂ ಅಂಥವೇ. ಕೂಸು ಹುಟ್ಟಿದರೆ ಮೆತ್ತಗಾದ ಪತ್ತಲದಲ್ಲಿ ಕುಂಚಿಗೆ, ತೊಟ್ಟಿಲ ಕೌದಿ. ಇಷ್ಟೆಲ್ಲ ಸೇವೆ ಮುಗಿದ ಮೇಲೆ ಉಳಿದ ಗಟ್ಟಿ ಭಾಗ ದೊಡ್ಡ ಕೌದಿಗೆ, ಅದಕ್ಕೂ ಆಗದ್ದು ಒಲೆ ಒರೆಸುವ ಮಸಿಅರಿವೆಗೆ. ಬೇಸಿಗೆಯ ಮಧ್ಯಾಹ್ನ ಸಂಡಿಗೆ ಕಾಯುತ್ತ, ಕಾಗೆ ಓಡಿಸುತ್ತ, ನೆರಳಿನಲ್ಲಿ ಕೌದಿ ಹೊಲಿಯುವುದು ಎರಡು ಕೆಲಸವಲ್ಲ, ಒಂದೇ. ಮಳೆಗಾಲ ಬಂದರೆ ಎರಡಕ್ಕೂ ಬಿಸಿಲಿಲ್ಲ.

ಎಲ್ಲರೂ ಮನೆಯಲ್ಲೇ ಹೊಲಿಯುತ್ತಿದ್ದರು ಎಂದಲ್ಲ. ಗೊಂದಳಿಗರು, ಬುಡಬುಡಿಕೆಯವರಂಥ ಅಲೆಮಾರಿ ಸಮುದಾಯಗಳ ಹೆಣ್ಣುಮಕ್ಕಳು ಓಣಿಗೆ ಬಂದು, ಮನೆಯವರು ಕೊಟ್ಟ ಹಳೆಯ ಬಟ್ಟೆ ಹರವಿಕೊಂಡು, ಕಟ್ಟೆಯ ಮೇಲೆ ಕೂತು ಹೊಲಿದುಕೊಡುತ್ತಿದ್ದರು. ಕೂಲಿಯಲ್ಲಿ ರೊಕ್ಕದ ಜೊತೆ ಜೋಳ, ಊಟ ಸೇರಿರುತ್ತಿತ್ತು. ಅವರ ಹೊಲಿಗೆ ಬೇಗ, ಸಾಲು ನೇರ. ಅಂಥ ಕೌದಿಗಳೇ ಇಂದು ಸಂಗ್ರಹಕಾರರ ಕೈಗೆ ಹೆಚ್ಚು ಹೋಗಿರಬಹುದೆಂದು ನನಗೆ ಗುಮಾನಿ. ಆದರೆ ಮಾರಾಟದ ಚೀಟಿಯ ಮೇಲೆ ‘ಅಜ್ಜಿಯ ಕೈಕೆಲಸ’ ಎಂದಿರುತ್ತದೆ. ಯಾರ ಅಜ್ಜಿ?

ಈಗ ಲೆಕ್ಕ ಹಾಕೋಣ. ಆರು ಅಡಿ ಅಗಲ, ಏಳು ಅಡಿ ಉದ್ದದ ಕೌದಿ. ಮುಕ್ಕಾಲು ಇಂಚಿಗೆ ಒಂದು ಸಾಲು ಎಂದರೆ ಒಟ್ಟು 96 ಸಾಲು. ಸಾಲೊಂದಕ್ಕೆ ಏಳು ಅಡಿಯಂತೆ 672 ಅಡಿ, ಅಂದರೆ ಸುಮಾರು 205 ಮೀಟರ್ ಹೊಲಿಗೆ. ಗೋಳಗುಮ್ಮಟದ ಎತ್ತರವನ್ನು ನಾಲ್ಕು ಸಲ ಸೂಜಿಯಿಂದ ಅಳೆದಂತಾಯಿತು. ಇಂಚಿಗೆ ಮೂರು ಹೊಲಿಗೆ ಹಿಡಿದರೆ 24,000 ದಾಟುತ್ತದೆ. ಒಂದು ಸಾಲಿಗೆ ಕಾಲು ತಾಸು ಎಂದರೂ ಸಾಲುಗಳಿಗೇ 24 ತಾಸು. ಬಟ್ಟೆ ಆರಿಸಿ ಹರಿಯುವುದು, ಪದರು ಹಾಸಿ ಸುಕ್ಕು ತೆಗೆಯುವುದು, ತ್ಯಾಪಿ ಮಡಚಿ ಕೂರಿಸುವುದು, ಅಂಚು ಕಟ್ಟುವುದು ಸೇರಿದರೆ 40 ತಾಸು ಧಾರಾಳವಾಗಿ ಬೇಕು. ದಿನಕ್ಕೆ ಎರಡು ತಾಸು ಸಿಕ್ಕರೆ ಇಪ್ಪತ್ತು ಮಧ್ಯಾಹ್ನ. ಸಂಡಿಗೆ ಹಂಗಾಮು ಒಂದು ಕೌದಿಗೆ ಸರಿಹೋಗುತ್ತದೆ.

ಆ ಮಧ್ಯಾಹ್ನಗಳೇ ಈಗ ಸಿಗುವುದಿಲ್ಲ. ರಾಜ್ಯದಲ್ಲಿ ಅತಿ ಹೆಚ್ಚು ದ್ರಾಕ್ಷಿ ಬೆಳೆಯುವ ಜಿಲ್ಲೆ ವಿಜಯಪುರ, ತಿಕೋಟಾ ಅದರ ನಡುಮನೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಸಿರು ಬಲೆ ಇಳಿಬಿಟ್ಟ ಶೆಡ್ಡುಗಳಲ್ಲಿ ದ್ರಾಕ್ಷಿ ಒಣಗುತ್ತದೆ. ಗೊನೆ ಕತ್ತರಿಸಲು, ಹರವಲು, ಒಣಗಿದ ಮೇಲೆ ಕಡ್ಡಿ ತೆಗೆದು ಆರಿಸಲು ಹೆಣ್ಣಾಳು ಬೇಕು. ಕೌದಿಯ ಹಂಗಾಮೂ ಒಣದ್ರಾಕ್ಷಿಯ ಹಂಗಾಮೂ ಒಂದೇ. ಬಬಲೇಶ್ವರದ ಕಡೆ ಏತ ನೀರಾವರಿಯ ನೀರು ಬಂದು, ಕೆರೆ ತುಂಬಿ, ಒಂದೇ ಬೆಳೆಯ ಎರಿಹೊಲದಲ್ಲೂ ವರ್ಷವಿಡೀ ಕೆಲಸ ಹುಟ್ಟಿತು. ಇದನ್ನು ನಷ್ಟ ಎಂದು ಅಳುವವರ ಸಾಲಿನಲ್ಲಿ ನಾನಿಲ್ಲ. ಸಂಜೆ ಕೈಗೆ ಬರುವ ಕೂಲಿಯಲ್ಲಿ ಅಂಗಡಿಯ ರಗ್ಗು ಕೊಳ್ಳಬಹುದು. ಸವೆದ ಬಟ್ಟೆಯನ್ನು ಮತ್ತೆ ಮತ್ತೆ ಹೊಲಿದು ಹೊದೆಯಬೇಕಾದ ಬಡತನ ಯಾರಿಗೂ ಬೇಡ. ಕೌದಿಯ ಚೆಲುವನ್ನು ಹೊಗಳುವ ಭರದಲ್ಲಿ ನಾವು ಆ ಬಡತನವನ್ನೂ ಹೊಗಳಿಬಿಡುತ್ತೇವೆ.

ಹಾಗಾಗಿಯೇ ಕೌದಿ ಹಾಸಿಗೆಯಿಂದ ಎದ್ದು ಗೋಡೆ ಏರುತ್ತಿದೆ.

ಗೋಡೆಗೆ ಕೈಕೆಲಸ ತೂಗುವುದು ಈ ಮನೆಗಳಿಗೆ ಹೊಸದೇನಲ್ಲ. ಎಪ್ಪತ್ತು–ಎಂಬತ್ತರ ದಶಕದ ಪಡಸಾಲೆಗಳನ್ನು ನೆನಪಿಸಿಕೊಳ್ಳಿ: ಬಾಗಿಲಿಗೆ ಗಾಜಿನ ಕೊಳವೆಮಣಿಯ ತೋರಣ, ಗೋಡೆಯಲ್ಲಿ ಗಾಜು ಹಾಕಿಸಿದ ಮ್ಯಾಟಿ ಬಟ್ಟೆ, ಅದರ ಮೇಲೆ ಎದುರುಬದುರು ಕೂತ ಎರಡು ಗಿಳಿ, ನಡುವೆ ‘ಸುಸ್ವಾಗತ’. ಮದುವೆಗೆ ಮುಂಚೆ ಹುಡುಗಿ ಹೊಲಿದದ್ದು, ನೋಡಲು ಬಂದವರಿಗೆ ತೋರಿಸಲೆಂದೇ ಹೊಲಿಸಿದ್ದು. ಗಿಳಿಗಳ ಕೊಕ್ಕು ಎಲ್ಲರ ಮನೆಯಲ್ಲೂ ಒಂದೇ ಕೆಂಪು, ಏಕೆಂದರೆ ಮಾದರಿ ಪುಸ್ತಕ ಒಂದೇ. ಕೌದಿಗೆ ಮಾತ್ರ ಆ ಗೋಡೆಯ ಮೇಲೆ ಜಾಗವಿರಲಿಲ್ಲ. ನೆಂಟರು ಬಂದರೆ ಅದನ್ನು ಮಡಚಿ ಒಳಗಿಡುತ್ತಿದ್ದರು.

ತಾಂಡಾಗಳ ಕಥೆ ಬೇರೆ. ಲಂಬಾಣಿ ಹೆಣ್ಣುಮಕ್ಕಳ ಕನ್ನಡಿ, ಕವಡೆ, ತ್ಯಾಪಿ ಕೆಲಸ ಎಂದೂ ಒಳಗೆ ಬಚ್ಚಿಟ್ಟದ್ದಲ್ಲ, ಮೈಮೇಲೆ ಹೊತ್ತು ತಿರುಗುವುದು. ವಿಜಯಪುರದಲ್ಲಿ ಮಲ್ಲಮ್ಮ ಯಾಳವಾರ ಅವರು 1986ರಲ್ಲಿ ಕಟ್ಟಿದ ಸಬಲಾ ಸಂಸ್ಥೆ ಈ ಕಸೂತಿಯನ್ನು ಚೀಲ, ದಿಂಬಿನ ಹೊದಿಕೆ, ಗೋಡೆತೂಗುಗಳಾಗಿಸಿ ಮಾರುಕಟ್ಟೆಗೆ ಒಯ್ದಿತು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. 2023ರ ಜುಲೈಯಲ್ಲಿ ಹಂಪಿಯ ಜಿ–20 ಸಭೆಯ ವೇಳೆ 450ಕ್ಕೂ ಹೆಚ್ಚು ಲಂಬಾಣಿ ಕುಶಲಕರ್ಮಿಗಳ 1,755 ತ್ಯಾಪಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಎರಿಸೀಮೆಯ ಸಾದಾ ಕೌದಿಗೆ ಇಂಥ ಭಾಗ್ಯ ಬಂದಿಲ್ಲ. ಗೋಳಗುಮ್ಮಟದ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಆದಿಲಶಾಹಿ ಕಾಲದ ರತ್ನಗಂಬಳಿಗಳಿವೆ; ಅದೇ ಊರಿನ ಹೆಂಗಸರು ಹೊಲಿದ ಒಂದು ಹಳೆಯ ಕೌದಿ ಪಕ್ಕದಲ್ಲಿದ್ದರೆ ಏನು ಕೆಡುತ್ತಿತ್ತೋ ಕಾಣೆ.

ಹೊರಗಿನ ಜಗತ್ತು ಇಂಥದ್ದನ್ನು ಕಂಡು ಬೆರಗಾದದ್ದುಂಟು. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಹೊಲದ ಕೆಲಸಕ್ಕೆ ಹಾಕಿದ ಹಳೆಯ ಪ್ಯಾಂಟು, ಅಂಗಿಗಳಲ್ಲಿ ಹೊಲಿದ ಕ್ವಿಲ್ಟುಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದ ಗೋಡೆ ಏರಿದವು. 2006ರಲ್ಲಿ ಅಲ್ಲಿನ ಅಂಚೆಚೀಟಿಗಳಾದವು. ನಮ್ಮ ಸಿದ್ದಿಯರ ಕವಂದಿಗಳು ಕಲಾ ಇತಿಹಾಸಕಾರ ಹೆನ್ರಿ ಡ್ರೂಯಲ್ ಅವರ ಮುತುವರ್ಜಿಯಿಂದ 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಕವಂದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ, ಮೂಲೆಗಳಲ್ಲಿ ಮಡಚಿದ ಬಟ್ಟೆಯ ‘ಫೂಲ’ ಇರಲೇಬೇಕು. ಮೂಲೆಗೆ ಹೂವಿಲ್ಲದ ಕವಂದಿ ಅವರ ಲೆಕ್ಕದಲ್ಲಿ ಬೆತ್ತಲೆ.

ಮನೆಯಲ್ಲೇ ಒಂದು ಗೋಡೆಕೌದಿ ಹೊಲಿಯಬೇಕೆನ್ನುವವರಿಗೆ ಎರಡಡಿ–ಮೂರಡಿಯ ಅಳತೆ ಸಾಕು; ಪದರು ಮೂರಕ್ಕಿಂತ ಹೆಚ್ಚು ಬೇಡ, ಭಾರಕ್ಕೆ ಜೋತುಬೀಳುತ್ತದೆ. ಬಟ್ಟೆಯ ವಿಷಯದಲ್ಲಿ ಮಾತ್ರ ಹುಷಾರು. ಈಗಿನ ಮನೆಯ ಹಳೆಯ ಸೀರೆ ಎಂದರೆ ಮುಕ್ಕಾಲು ಪಾಲು ಪಾಲಿಯೆಸ್ಟರ್. ಅದು ಸವೆಯುವುದಿಲ್ಲ, ಮೆತ್ತಗಾಗುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ, ಮಡಚಿದ ಅಂಚು ಕೂರುವುದಿಲ್ಲ. ಹೊದೆಯುವ ಕೌದಿಗಂತೂ ನಲವತ್ತು ಡಿಗ್ರಿಯ ವಿಜಯಪುರದ ಬೇಸಿಗೆಯಲ್ಲಿ ಅದು ಶಿಕ್ಷೆ. ಹತ್ತಿಯನ್ನೇ ಹುಡುಕಿ. ಹೊಸ ಬಟ್ಟೆ ಸೇರಿಸುವುದಾದರೆ ಮೊದಲು ನೆನೆಸಿ ತೊಳೆಯಿರಿ. ಹಳೆಯದು ಕುಗ್ಗುವಷ್ಟು ಕುಗ್ಗಿ ಮುಗಿದಿರುತ್ತದೆ, ಹೊಸದು ಆಮೇಲೆ ಕುಗ್ಗಿ ಸುತ್ತಲಿನದನ್ನೂ ಎಳೆಯುತ್ತದೆ. ಕೆಂಪು, ಕಡುನೀಲಿ ಬಣ್ಣ ಬಿಡುತ್ತದೋ ಎಂದು ಒದ್ದೆ ಬಿಳಿ ಅರಿವೆಯಿಂದ ಉಜ್ಜಿ ನೋಡಿ. ತಳದ ಬಟ್ಟೆ ಮೇಲಿನದಕ್ಕಿಂತ ಎರಡು ಬೆರಳು ದೊಡ್ಡದಿರಲಿ, ಹೊಲಿಯುತ್ತ ಹೋದಂತೆ ಒಳಗೆ ಎಳೆದುಕೊಳ್ಳುತ್ತದೆ. ಪದರು ಹಾಸಿದ ಮೇಲೆ ನಡುವಿನಿಂದ ಹೊರಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಂಡರೆ ಸುಕ್ಕು ಅಂಚಿಗೆ ಹೋಗಿ ಬೀಳುತ್ತದೆ. ಗಂಟು ಪದರಿನೊಳಗೆ ಅಡಗಿರಬೇಕು.

ಬಣ್ಣ ಸಾಲದಿದ್ದರೆ ಅಡುಗೆಮನೆಯ ಕಸದ ಬುಟ್ಟಿ ಇದೆ. ಪಟಿಕ ಕರಗಿಸಿದ ನೀರಿನಲ್ಲಿ ನೆನೆಸಿದ ಬಿಳಿ ದೋತರದ ಚೂರನ್ನು ಉಳ್ಳಾಗಡ್ಡಿ ಸಿಪ್ಪೆಯ ಕಷಾಯದಲ್ಲಿ ಕುದಿಸಿದರೆ ಬಂಗಾರದಂಥ ಹಳದಿ. ದಾಳಿಂಬೆ ಸಿಪ್ಪೆ ಈ ಸೀಮೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಅದರ ಕಷಾಯ ಮಾಸಲು ಹಳದಿ, ಅದಕ್ಕೆ ತುಕ್ಕು ಹಿಡಿದ ಮೊಳೆ ನೆನೆಸಿದ ನೀರು ಬಿದ್ದರೆ ಸಿಪ್ಪೆಯ ಒಗರು ಕಬ್ಬಿಣದೊಡನೆ ಸೇರಿ ಬೂದುಗಪ್ಪು. ಅರಿಶಿನದ ಹೊಳಪನ್ನು ಮಾತ್ರ ನಂಬಬೇಡಿ. ಬಿಸಿಲಿಗೆ ವಾರದಲ್ಲಿ ಹಾರುತ್ತದೆ, ಸಾಬೂನು ತಾಗಿದರೆ ಕೆಂಪಾಗಿ ಗಾಬರಿಪಡಿಸುತ್ತದೆ. ಬಣ್ಣ ಕುದಿಸಿದ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬಾರದು.

ಮಾರುವ ಮಾತು ಬಂದಾಗ ಬೆಲೆ ಎಲ್ಲರಿಗೂ ಕಷ್ಟ. ಹಳೆಯ ಬಟ್ಟೆ ತಾನೇ, ಇಷ್ಟೇಕೆ ಎಂದು ಕೊಳ್ಳುವವರು. ಮನೆಯಲ್ಲಿ ಕೂತು ಹೊಲಿದದ್ದು ತಾನೇ, ಇಷ್ಟು ಸಾಕು ಎಂದು ಹೊಲಿದವರು. ಮೇಲಿನ 40 ತಾಸನ್ನು ಎಂಟು ತಾಸಿನ ಐದು ದಿನ ಎಂದುಕೊಳ್ಳಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಮಣ್ಣು ಅಗೆಯುವ ಕೆಲಸದ ಆ ದರವನ್ನೇ ಹಿಡಿದರೂ ದೊಡ್ಡ ಕೌದಿಯೊಂದರ ಕೂಲಿ 1,850 ರೂಪಾಯಿ. ಬಟ್ಟೆ, ದಾರ, ಸಾಗಣೆ, ಅಂಗಡಿಯ ಪಾಲು ಬೇರೆ. ಸಾವಿರಕ್ಕೆ ಸಿಕ್ಕ ಕೈಹೊಲಿಗೆಯ ಕೌದಿಯನ್ನು ಹೆಮ್ಮೆಯಿಂದ ತೋರಿಸುವವರು ಈ ಗುಣಾಕಾರವನ್ನು ಒಮ್ಮೆ ಮಾಡಿನೋಡಬೇಕು. ಗೋಡೆಕೌದಿ ಹೊಲಿದವರು ಬಟ್ಟೆಯ ಅಳತೆಯ ಮೇಲೆ ಬೆಲೆ ಹೇಳುವುದನ್ನು ಬಿಟ್ಟು ಸಾಲಿನ ಲೆಕ್ಕ ಹೇಳಲಿ ಎಂಬುದು ನನ್ನ ಸಲಹೆ. ರೊಟ್ಟಿ ಬಡಿದು ಮಾರುವವರು ವಿಜಯಪುರದಲ್ಲಿ ಎಣಿಕೆಯ ಮೇಲೆಯೇ ಬೆಲೆ ಕಟ್ಟುತ್ತಾರೆ, ಅಲ್ಲಿ ಯಾರೂ ಚೌಕಾಸಿ ಮಾಡುವುದಿಲ್ಲ.

ಇನ್ನು ತೂಗುಹಾಕುವುದು. ಮೊಳೆಗೆ ನೇರ ಸಿಕ್ಕಿಸಿದರೆ ಮೂಲೆ ಹರಿಯುತ್ತದೆ. ಹಿಂದೆ ಮೇಲಂಚಿಗೆ ಉದ್ದಕ್ಕೂ ಮೂರು ಬೆರಳಗಲದ ಕೊಳವೆಪಟ್ಟಿ ಹೊಲಿದು ಅದರೊಳಗೆ ಬಿದಿರ ಕೋಲು ತೂರಿಸಿ. ಭಾರ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಒಲೆಯ ಗೋಡೆ ಬೇಡ, ಒಗ್ಗರಣೆಯ ಜಿಡ್ಡು ಕೂತರೆ ದೂಳು ಹಿಡಿದು ಬಿಡುವುದೇ ಇಲ್ಲ. ಪಡುವಣ ಬಿಸಿಲು ಬೀಳುವ ಗೋಡೆಯೂ ಬೇಡ. ಮಹಾನವಮಿಯ ಮುಂದೆ ಮನೆಯ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವ ರೂಢಿ ಇನ್ನೂ ಇದೆಯಲ್ಲ, ಆಗ ಇದನ್ನೂ ಇಳಿಸಿ ತಣ್ಣೀರಿನಲ್ಲಿ ಅದ್ದಿ, ಹಿಂಡದೆ, ನೆರಳಿನಲ್ಲಿ ಹಾಸಿ ಒಣಗಿಸಿ. ಹರಿದ ಕಡೆ ಮೇಲೊಂದು ಹೊಸ ತ್ಯಾಪಿ ಹಾಕಿ ಸಾಲು ಓಡಿಸಿದರಾಯಿತು. ಬಣ್ಣ ಕೂಡದಿದ್ದರೂ ಪರವಾಗಿಲ್ಲ.